ಪದಚರ್ಚೆ: ಹಳೆಯ ಪಿಕಪ್ಪನ್ನು ‘ಬಿಚ್ಚಿ ಕಟ್ಟುವ’ ಕೆಲಸಕ್ಕೆ ಕನ್ನಡದ ಹೆಸರೇನು?

ಮಾನ್ಯರೇ,

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಮನೆಯಲ್ಲಿ, ಹಟ್ಟಿಯ ಬದಿಯ ಚಪ್ಪರದಡಿ ಬಹುಕಾಲದಿಂದ ನಿಂತೇ ಇದ್ದ ಮಹೀಂದ್ರ ಎಫ್‌ಸಿ (ಫಾರ್ವರ್ಡ್ ಕಂಟ್ರೋಲ್) ಮಾದರಿಯ ಹಳೆಯ ಪಿಕಪ್ ಒಂದನ್ನು ನಾನೂ ನನ್ನ ಸೋದರಳಿಯನೂ ಸೇರಿ ಬಿಚ್ಚತೊಡಗಿದ್ದೇವೆ. ಎಲ್ಲವನ್ನೂ ಚಾಸಿ ಎಂಬ ತಳದ ಚೌಕಟ್ಟಿನವರೆಗೆ ಇಳಿಸಿ, ಸವೆದದ್ದನ್ನು ಬದಲಿಸಿ, ತುಕ್ಕು ತಿಂದ ತಗಡನ್ನು ಕತ್ತರಿಸಿ ಹೊಸ ತಗಡು ಕೂರಿಸಿ, ಮರಳಿ ಓಡುವ ಗಾಡಿಯಾಗಿ ನಿಲ್ಲಿಸುವುದು ಉದ್ದೇಶ. ಅಡಿಕೆ ಕೊಯ್ಲಿನ ಕಾಲದಲ್ಲಿ ಬಿಡುವಿಲ್ಲ. ಮಳೆಗಾಲದಲ್ಲಿ ಚಪ್ಪರದಡಿ ಬಣ್ಣದ ಕೆಲಸ ಸಾಧ್ಯವಿಲ್ಲ. ಆದ್ದರಿಂದ ಇದು ವರ್ಷಗಟ್ಟಲೆ ನಡೆಯುವ ಕೆಲಸವೆಂದು ತಿಳಿದೇ ಕೈಹಾಕಿದ್ದೇವೆ. ಬಿಚ್ಚಿದ ಪ್ರತಿಯೊಂದು ಭಾಗವನ್ನೂ ಬರೆದಿಡುವ ದಾಖಲೆ ಪುಸ್ತಕವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಬಿಡಿಭಾಗಗಳ ಹೆಸರಿಗೆ ತೊಡಕಿಲ್ಲ. ವರ್ಕ್‌ಶಾಪಿನಲ್ಲಿ ಹೇಗೆ ಹೇಳುತ್ತಾರೋ ಹಾಗೆಯೇ ಬರೆದರಾಯಿತು. ತೊಡಕಿರುವುದು ಪುಸ್ತಕದ ಹೆಸರಿನಲ್ಲಿ, ಅಂದರೆ ಈ ಇಡಿಯ ಕೆಲಸಕ್ಕೆ ಒಪ್ಪುವ ನಾಮಪದದಲ್ಲಿ.

ಕೈಗೆ ಮೊದಲು ಸಿಗುವ ‘ರಿಪೇರಿ’, ‘ದುರಸ್ತಿ’ ಎಂಬೆರಡನ್ನೂ ಬೇಗ ಬದಿಗಿಡಬಹುದು. ಸರಿ ಎಂಬ ಅರ್ಥದ ಪಾರ್ಸಿ ಮಾತಿನಿಂದ ಬಂದ ದುರಸ್ತಿಯು ಕೆಟ್ಟ ಒಂದು ಅಂಶವನ್ನು ಸರಿಪಡಿಸುವುದಕ್ಕೆ ಸಲ್ಲುತ್ತದೆ. ಗಡಿಯಾಚೆ ಕರ್ನಾಟಕದ ಕಂದಾಯ ಇಲಾಖೆಯ ‘ಪೋಡಿ ದುರಸ್ತಿ’ಯಲ್ಲಿಯೂ ಆಗುವುದು ಜಮೀನಿನ ದಾಖಲೆಯನ್ನು ಸರಿಪಡಿಸುವುದೇ. ಡೈನಮೊ ಕೆಟ್ಟರೆ ದುರಸ್ತಿ, ಬ್ರೇಕ್ ಹಿಡಿಯದಿದ್ದರೆ ರಿಪೇರಿ. ಚಾಸಿಯೊಂದನ್ನುಳಿದು ಮಿಕ್ಕದ್ದೆಲ್ಲ ಡಬ್ಬಿಗಳಲ್ಲಿಯೂ ಗೋಣಿಗಳಲ್ಲಿಯೂ ಕುಳಿತಿರುವ ಗಾಡಿಗೆ ‘ರಿಪೇರಿಯಲ್ಲಿದೆ’ ಎಂದರೆ ಕೇಳಿದವರು ಮುಂದಿನ ವಾರ ಬಾಡಿಗೆಗೆ ಕರೆದಾರು. ‘ನವೀಕರಣ’ವೂ ಆಗದು, ಏಕೆಂದರೆ ವಾಹನದ ಸಂದರ್ಭದಲ್ಲಿ ಆ ಪದ ಕಾಗದಪತ್ರಕ್ಕೆ ಮೀಸಲಾಗಿಬಿಟ್ಟಿದೆ: ಲೈಸೆನ್ಸ್ ನವೀಕರಣ, ವಿಮೆ ನವೀಕರಣ, 15 ವರ್ಷ ಕಳೆದ ಬಳಿಕ ನೋಂದಣಿಯ ನವೀಕರಣ. ‘ಪಿಕಪ್ಪಿನ ನವೀಕರಣ ನಡೆಯುತ್ತಿದೆ’ ಎಂದರೆ ಆರ್‌ಸಿ ಪುಸ್ತಕದ ಸಂಗತಿಯೆಂದೇ ತಿಳಿಯುವರು. ಇನ್ನು ‘ಕಾಯಕಲ್ಪ’ ಪತ್ರಿಕೆಗಳ ತಲೆಬರಹಕ್ಕೆ ಸೇರಿಹೋದ ಮಾತು. ಕೆರೆಗೆ, ರಸ್ತೆಗೆ, ಬಸ್ ನಿಲ್ದಾಣಕ್ಕೆ ಕಾಯಕಲ್ಪ ದೊರೆಯುವುದು ಕೆಲಸ ಮುಗಿದ ಮೇಲಲ್ಲ, ಹಣ ಮಂಜೂರಾದ ದಿನ. ನನಗೆ ಆ ಪದದಲ್ಲಿ ವಿಶ್ವಾಸವಿಲ್ಲ.

‘ಜೀರ್ಣೋದ್ಧಾರ’ವನ್ನು ಮಾತ್ರ ಹೀಗೆ ಸುಲಭವಾಗಿ ತಳ್ಳಿಹಾಕಲು ಮನಸ್ಸು ಬರುವುದಿಲ್ಲ. ನಮ್ಮ ಈ ಕುಂಬಳೆ ಸೀಮೆಯಲ್ಲಿ ಬದುಕುವವನಿಗೆ ಇದು ದಿನಬಳಕೆಯ ಮಾತು. ದೇವಸ್ಥಾನ, ದೈವಸ್ಥಾನ, ತರವಾಡು ಮನೆ (ಕುಟುಂಬದ ಮೂಲಮನೆ) ಎಲ್ಲದಕ್ಕೂ ಇಲ್ಲಿ ಜೀರ್ಣೋದ್ಧಾರ ಸಮಿತಿಗಳಿವೆ, ರಶೀದಿ ಪುಸ್ತಕಗಳಿವೆ. ಅದಕ್ಕಿಂತ ಮಿಗಿಲಾಗಿ, ಈ ಪದದ ಹಿಂದೆ ಕನ್ನಡ ಶಾಸನಗಳ ದೀರ್ಘ ಬಳಕೆಯಿದೆ. ದೇಗುಲಕ್ಕೆ ಭೂಮಿ ಬಿಡುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು ಬಿಟ್ಟರೆಂಬ ಒಕ್ಕಣೆ ಚಾಲುಕ್ಯರ, ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇದರಲ್ಲಿ ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕುಬಿಟ್ಟದ್ದು, ಜೀರ್ಣವೆಂದರೆ ಹಳತಾಗಿ ಸವೆದದ್ದು. ಶಾಸನ ಬರೆಸಿದವರು ಈ ಮೂರನ್ನು ಬೇರೆ ಬೇರೆಯಾಗಿಯೇ ಕಂಡಿದ್ದರೆಂಬುದು ಎಂಜಿನ್ ಬಿಚ್ಚಿದವನಿಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಗಾಡಿಯ ಹಿಂಬದಿಯ ಎಡಗಡೆ ಸ್ಪ್ರಿಂಗ್ ಪ್ಲೇಟುಗಳಲ್ಲಿ ಒಂದು ಮುರಿದಿದೆ; ಎಂಜಿನ್ನಿನ ಹೊಗೆ ಹೊರಹಾಕುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಕೂದಲೆಳೆಯಷ್ಟು ಬಿರುಕಿದೆ; ಸಿಲಿಂಡರುಗಳ ಒಳಮೈ ಮೇಲ್ಗಡೆ, ಪಿಸ್ಟನ್ ರಿಂಗು ಬಂದು ನಿಂತು ತಿರುಗುವ ಎಡೆಯಲ್ಲಿ, ಉಗುರಿಗೆ ತಾಗುವಷ್ಟು ಸವೆದಿದೆ. ಮೊದಲನೆಯದನ್ನು ಬದಲಿಸಬೇಕು, ಎರಡನೆಯದನ್ನು ಬೆಸುಗೆ ಹಾಕಿಸಲಾದೀತೇ ಎಂದು ನೋಡಬೇಕು, ಮೂರನೆಯದನ್ನು ಲೇತಿಗೆ ಕೊಟ್ಟು ಬೋರ್ ಮಾಡಿಸಿ ತುಸು ದೊಡ್ಡ ಅಳತೆಯ ಪಿಸ್ಟನ್ ಹಾಕಿಸಬೇಕು. ಮೂರಕ್ಕೂ ಚಿಕಿತ್ಸೆ ಬೇರೆ.

ಹಾಗಿದ್ದೂ ಪಿಕಪ್ಪಿಗೆ ಜೀರ್ಣೋದ್ಧಾರವೆಂದರೆ ಕೇಳಿದವರ ಮುಖದಲ್ಲಿ ನಗು ಮೂಡುತ್ತದೆ. ಇದಕ್ಕೆ ಕಾರಣ ಪದದ ಅರ್ಥವಲ್ಲ, ಅದರ ಸಹವಾಸ ಎಂದು ನನ್ನ ಎಣಿಕೆ. ಜೀರ್ಣೋದ್ಧಾರ ಎಂದೊಡನೆ ನಮ್ಮೂರಿನವರ ಮನಸ್ಸಿಗೆ ಅನುಜ್ಞಾಕಲಶ, ಬಾಲಾಲಯ (ಕೆಲಸ ಮುಗಿಯುವವರೆಗೆ ದೇವರನ್ನು ಇರಿಸುವ ತಾತ್ಕಾಲಿಕ ಗುಡಿ), ಬ್ರಹ್ಮಕಲಶೋತ್ಸವಗಳೆಲ್ಲ ಒಟ್ಟಿಗೇ ಬರುತ್ತವೆ. ಎಂಜಿನ್ನನ್ನು ಇಳಿಸಿ ಹಟ್ಟಿಯ ಮೂಲೆಯಲ್ಲಿ ಮರದ ದಿಮ್ಮಿಗಳ ಮೇಲೆ ಕೂರಿಸಿ ಬಟ್ಟೆ ಹೊದಿಸಿದ ದಿನ, ‘ಬಾಲಾಲಯ ಆಯಿತಲ್ಲ ಮಾವ, ಇನ್ನು ಬ್ರಹ್ಮಕಲಶಕ್ಕೆ ದಿನ ನೋಡಿ’ ಎಂದು ಅಳಿಯನೇ ಹೇಳಿದ. ಇನ್ನೊಂದು ಆಕ್ಷೇಪವೂ ಉಂಟು: ಜೀರ್ಣೋದ್ಧಾರ ಎಂಬುದು ಸ್ಥಾವರಕ್ಕೆ ಸಲ್ಲುವ ಮಾತು, ವಾಹನವಾದರೋ ಜಂಗಮ. ಈ ಎರಡನೆಯ ಆಕ್ಷೇಪ ಅಷ್ಟು ಗಟ್ಟಿಯೆಂದು ನನಗೆ ತೋರುವುದಿಲ್ಲ. ರಥಬೀದಿಯ ರಥವೂ ಜಂಗಮವೇ ಅಲ್ಲವೇ? ಹಳೆಯ ರಥದ ಗಾಲಿ, ಅಚ್ಚು, ಜಿಡ್ಡೆಗಳನ್ನು ಬದಲಿಸಿ ನಿಲ್ಲಿಸುವುದನ್ನು ಏನೆಂದು ಕರೆಯುವುದು ನಿಮ್ಮಲ್ಲಿ ರೂಢಿಯೆಂಬುದನ್ನು ತಿಳಿದವರು ಬರೆದರೆ ಉಪಕಾರವಾಗುತ್ತದೆ.

ರಥದ ಮಾತು ಬಂದುದರಿಂದ ಹಳಗನ್ನಡದ ‘ಪಣ್ಣು’ ಎಂಬ ಕ್ರಿಯಾಪದವನ್ನು ಇಲ್ಲಿ ಪ್ರಸ್ತಾಪಿಸುತ್ತೇನೆ. ಸಿದ್ಧಗೊಳಿಸು, ಸಜ್ಜುಮಾಡು ಎಂಬುದು ಇದರ ಅರ್ಥ; ಆನೆ, ಕುದುರೆ, ರಥಗಳನ್ನು ಯುದ್ಧಕ್ಕೆ ಅಣಿಗೊಳಿಸುವುದಕ್ಕೆ ಹಳೆಯ ಕಾವ್ಯಗಳಲ್ಲಿ ಇದು ಧಾರಾಳವಾಗಿ ಬಳಕೆಯಾಗಿದೆ. ತಮಿಳಿನಲ್ಲಿ ‘ಮಾಡು’ ಎಂಬರ್ಥದಲ್ಲಿ ಇಂದಿಗೂ ಬದುಕಿರುವ ಪಣ್ಣು ಇದರ ಬಂಧುವೇ. ವಾಹನಕ್ಕೆಂದೇ ಬಳಕೆಯಿದ್ದ ಅಚ್ಚಕನ್ನಡದ ಕ್ರಿಯಾಪದವೊಂದು ಸಿಕ್ಕಿತೆಂದು ನಾನು ಸಂತೋಷಪಟ್ಟದ್ದುಂಟು. ಆದರೆ ಪಕಾರವು ಹಕಾರವಾದ ಮೇಲೆ ಅದು ‘ಹಣ್ಣು’ ಎಂದಾಗಿ ಮಾವಿನಹಣ್ಣಿನ ಬುಟ್ಟಿಗೆ ಬಿತ್ತು. ಇಂದು ‘ಪಿಕಪ್ಪನ್ನು ಹಣ್ಣುತ್ತಿದ್ದೇನೆ’ ಎಂದರೆ ಯಾರಿಗೂ ತಿಳಿಯದು. ‘ಗಾಡಿ ಹಣ್ಣಾಗಿದೆ’ ಎಂದರಂತೂ ಸವೆದು ಸುಸ್ತಾಗಿದೆ ಎಂಬ ಪೂರ್ತಿ ವಿರುದ್ಧವಾದ ಅರ್ಥವೇ ಬರುತ್ತದೆ.

ವರ್ಕ್‌ಶಾಪಿನವರ ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನನ್ನ ಒಲವು ಆ ಕಡೆಗಿದೆ. ನಮ್ಮಲ್ಲಿ ಒಂದೇ ವರ್ಕ್‌ಶಾಪಿನೊಳಗೆ ತುಳು, ಮಲಯಾಳ, ಬ್ಯಾರಿ, ಕನ್ನಡ ಎಲ್ಲವೂ ಕೇಳುತ್ತವೆ. ಮಲಯಾಳದಲ್ಲಿ ‘ಪುದುಕ್ಕಿ ಪಣಿಯುಗ’ ಎಂಬ ಸಿದ್ಧವಾದ ಮಾತಿದೆ. ಮನೆಗೂ ಅದೇ, ಗಾಡಿಗೂ ಅದೇ. ಬೋರ್ಡುಗಳ ಮೇಲೆ ‘ಓವರ್‌ಹಾಲಿಂಗ್’ ಎಂದಿರುವುದು ಬಾಯಿಮಾತಿನಲ್ಲಿ ‘ಓವರಾಯ್ಲಿಂಗ್’ ಆಗಿ, ಆಯಿಲ್ ಬದಲಿಸುವುದಕ್ಕೆ ಸಂಬಂಧಿಸಿದ್ದೋ ಏನೋ ಎಂಬ ಭಾವನೆ ಹುಟ್ಟಿಸುತ್ತದೆ. ಕನ್ನಡದಲ್ಲಿ ಮಾತನಾಡುವಾಗ ಅವರು ಬಳಸುವ ಕ್ರಿಯಾಪದಗಳು ಬಹಳ ಖಚಿತವಾಗಿವೆ. ಎಂಜಿನ್ನನ್ನು ‘ಇಳಿಸುತ್ತಾರೆ’, ಗೇರ್‌ಬಾಕ್ಸನ್ನು ‘ಬಿಚ್ಚುತ್ತಾರೆ’, ವಾಲ್ವನ್ನು ‘ಅರೆಯುತ್ತಾರೆ’, ಬೇರಿಂಗನ್ನು ‘ಕೂರಿಸುತ್ತಾರೆ’, ಹೆಡ್ಡನ್ನು ‘ಟೈಟ್ ಮಾಡುತ್ತಾರೆ’. ನಮ್ಮ ಎಂಜಿನ್ನು ವಿಲ್ಲೀಸ್ ಜೀಪಿನ ವಿನ್ಯಾಸದ್ದು: ನಾಲ್ಕು ಸಿಲಿಂಡರು, ಸುಮಾರು 2.2 ಲೀಟರ್, ಪೆಟ್ರೋಲಿನದ್ದು. ಇದರ ಇನ್‌ಲೆಟ್ ವಾಲ್ವುಗಳು ಹೆಡ್ಡಿನಲ್ಲಿಯೂ (ಎಂಜಿನ್ನಿನ ಮೇಲ್ಮುಚ್ಚಳ) ಎಕ್ಸಾಸ್ಟ್ ವಾಲ್ವುಗಳು ಬ್ಲಾಕಿನಲ್ಲಿಯೂ (ಸಿಲಿಂಡರುಗಳಿರುವ ಕೆಳಭಾಗ) ಇರುವುದರಿಂದ ಹೆಡ್ಡನ್ನು ಎತ್ತಿ ಬೆಂಚಿನ ಮೇಲಿಟ್ಟ ಮಾತ್ರಕ್ಕೆ ವಾಲ್ವಿನ ಕೆಲಸ ಮುಗಿಯುವುದಿಲ್ಲ. ಅರ್ಧ ಕೆಲಸವನ್ನು ಬ್ಲಾಕಿನ ಮೇಲೆ ಬಗ್ಗಿ ನಿಂತೇ ಮಾಡಬೇಕು. ನೋಡಲು ಬಂದ ಹಿರಿಯ ಮೆಕ್ಯಾನಿಕರು ಎಲ್ಲವನ್ನೂ ಟಾರ್ಚು ಹಾಕಿ ಪರೀಕ್ಷಿಸಿ, ‘ಮಾಷ್ಟ್ರೇ, ಇದು ರಿಪೇರಿಯಲ್ಲಿ ನಿಲ್ಲುವುದಿಲ್ಲ, ಪೂರಾ ಬಿಚ್ಚಿ ಕಟ್ಟಬೇಕು’ ಎಂದರು. ಈ ‘ಬಿಚ್ಚಿ ಕಟ್ಟುವುದು’ ನನಗೆ ಬಹಳ ಹಿಡಿಸಿತು. ‘ಕಟ್ಟು’ ಎಂಬುದಕ್ಕೆ ವಾಹನಗಳಲ್ಲಿ ಮೊದಲೇ ನೆಲೆಯಿದೆ. ಲಾರಿಗೆ, ಬಸ್ಸಿಗೆ ‘ಬಾಡಿ ಕಟ್ಟುವುದು’ ಎನ್ನುತ್ತೇವೆಯೇ ಹೊರತು ಬಾಡಿ ನಿರ್ಮಿಸುವುದು ಎನ್ನುವುದಿಲ್ಲ. ಬಿಚ್ಚುವುದು ಮೊದಲ ಅರ್ಧ, ಕಟ್ಟುವುದು ಉಳಿದರ್ಧ. ಕೆಲಸದ ಕ್ರಮವೂ ಮಾತಿನ ಕ್ರಮವೂ ಒಂದೇ ಆಗಿದೆ. ತೊಂದರೆಯೆಂದರೆ ಇದು ಕ್ರಿಯೆ, ಹೆಸರಲ್ಲ. ‘ಬಿಚ್ಚಿಕಟ್ಟು’ ಎಂದು ಸಮಾಸದಂತೆ ಬರೆದರೆ ಓದಿದವರು ಅದನ್ನು ಆಜ್ಞೆಯೆಂದು ತಿಳಿಯಬಹುದು. ‘ಮರುಕಟ್ಟಣೆ’ ಎಂದು ಮಾಡಿದರೆ ಬಿಚ್ಚಿದ ಅರ್ಧ ಕಾಣೆಯಾಗುತ್ತದೆ. ‘ಮರುಜೋಡಣೆ’ ಎಂದರೆ ಸವೆದದ್ದನ್ನು ಬದಲಿಸಿದ ಸಂಗತಿಯೇ ಬಿಟ್ಟುಹೋಗಿ, ಇದ್ದುದನ್ನೇ ತಿರುಗಿ ಸೇರಿಸಿದಂತೆ ಕೇಳುತ್ತದೆ. ಜೊತೆಗೆ ನಮ್ಮ ಡ್ರೈವರುಗಳ ಬಾಯಲ್ಲಿ ‘ಪ್ಲೇಟ್ ಕಟ್ಟಾಯಿತು’ ಎಂದರೆ ಪ್ಲೇಟ್ ಮುರಿಯಿತು ಎಂದರ್ಥ; ‘ಎಡಗಡೆ ಪ್ಲೇಟ್ ಕಟ್ಟಾಗಿದೆ’ ಎಂದು ದಾಖಲೆಯಲ್ಲಿ ಬರೆದರೆ ಮುಂದೊಂದು ದಿನ ಓದುವವರು ಕೆಲಸ ಮುಗಿದಿದೆ ಎಂದುಕೊಂಡಾರು.

ಇದು ಕೇವಲ ಪುಸ್ತಕದ ಹೆಸರಿನ ಹಂಬಲವಲ್ಲ. ಈ ಭಾಗದ ಕನ್ನಡಿಗರಿಗೆ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕಿದೆ. ವಾಹನದ ಬಗ್ಗೆ ಆರ್‌ಟಿಒ ಕಚೇರಿಗೆ ಕೊಡಬೇಕಾದ ವಿವರಣೆಯನ್ನು ಕನ್ನಡದಲ್ಲೇ ಬರೆಯಬೇಕೆಂಬುದು ನನ್ನ ಇಚ್ಛೆ. ಅಲ್ಲಿ ಪದದ ಆಯ್ಕೆಗೆ ಬೆಲೆಯುಂಟು. 50 ವರ್ಷ ಮೀರಿದ ವಾಹನಗಳನ್ನು ವಿಂಟೇಜ್ ವಾಹನಗಳೆಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮದ ಪ್ರಕಾರ, ವಾಹನವು ಮೂಲ ರೂಪದಲ್ಲಿಯೇ ಇರಬೇಕು. ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಇನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ. ಆದ್ದರಿಂದ ‘ಪುನರ್ನಿರ್ಮಾಣ’ ಎಂದು ಬರೆದರೆ ಬೇರೆಯದೇ ವಾಹನ ಕಟ್ಟಿದೆನೆಂಬ ಸಂಶಯಕ್ಕೆ ನಾನೇ ದಾರಿ ಮಾಡಿಕೊಟ್ಟಂತಾಗುತ್ತದೆ. ಹಳೆಯ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸುವುದು ನಮ್ಮ ಕಡೆ ಒಂದು ಕಾಲದಲ್ಲಿ ಸಾಮಾನ್ಯವಾಗಿತ್ತು. ಅದನ್ನು ಪುನರ್ನಿರ್ಮಾಣವೆನ್ನಲು ನನ್ನ ಅಭ್ಯಂತರವಿಲ್ಲ. ಇದ್ದ ಎಂಜಿನ್ನನ್ನೇ, ಇದ್ದ ಚಾಸಿಯನ್ನೇ ಇದ್ದ ಹಾಗೆ ನಿಲ್ಲಿಸುವ ಕೆಲಸ ಬೇರೆ. ಮೊದಲಿನ ಸ್ಥಿತಿಗೆ ತರುವುದು, ಬೇರೆ ರೀತಿಯಲ್ಲಿ ಕಟ್ಟುವುದು ಎಂಬ ಈ ಎರಡನ್ನು ಬೇರ್ಪಡಿಸಿ ತೋರುವ ಪದಗಳು ನಮಗೆ ಬೇಕು. ಒಂದೇ ಪದವನ್ನು ಎರಡಕ್ಕೂ ಹಚ್ಚಿದರೆ ಗೊಂದಲ ತಪ್ಪದು.

ಸದ್ಯಕ್ಕೆ ನಾನು ಮಾಡಿಕೊಂಡ ಏರ್ಪಾಡು ಹೀಗಿದೆ. ಕಚೇರಿಗೆ ಬರೆಯುವಲ್ಲಿ ‘ಜೀರ್ಣೋದ್ಧಾರ’ವೆಂದೇ ಬರೆಯುತ್ತೇನೆ, ನಗುವವರು ನಗಲಿ, ಹಳೆಯದನ್ನು ಹಳೆಯದಾಗಿಯೇ ಎತ್ತಿ ನಿಲ್ಲಿಸುವುದು ಎಂಬ ಅರ್ಥ ಅದರಲ್ಲಿ ಸ್ಪಷ್ಟವಾಗಿದೆ. ದಾಖಲೆ ಪುಸ್ತಕದ ಒಳಪುಟಗಳಲ್ಲಿ ವರ್ಕ್‌ಶಾಪಿನ ಕ್ರಿಯಾಪದಗಳೇ ಇರುತ್ತವೆ: ‘ಕ್ಯಾಬಿನ್ನಿನ ಹಿಂದಿನ ಬಲಗಡೆ ಬೋಲ್ಟು, ಡೀಸೆಲ್ ಹಾಕಿ ಬಿಟ್ಟದ್ದು, ಕಾಯಿಸಿ ಬಿಚ್ಚಿದ್ದು, ರಬ್ಬರ್ ಪುಡಿ’. ಆದರೆ ಹೊರಹಾಳೆಯ ಮೇಲೆ ಇನ್ನೂ ಏನನ್ನೂ ಬರೆದಿಲ್ಲ.

ಬಲ್ಲವರಲ್ಲಿ ನನ್ನ ವಿನಂತಿ ಇಷ್ಟು. ‘ಬಿಚ್ಚಿ ಕಟ್ಟು’ ಎಂಬುದರಿಂದ, ಎರಡೂ ಅರ್ಧಗಳನ್ನು ಉಳಿಸಿಕೊಂಡು, ಕಿವಿಗೆ ಒರಟಾಗದ ನಾಮಪದವನ್ನು ಮಾಡಲು ವ್ಯಾಕರಣದ ದೃಷ್ಟಿಯಿಂದ ದಾರಿಯಿದೆಯೇ? ‘ಕೂಡುಕಳೆ’, ‘ಕೊಡುಕೊಳೆ’ಗಳ ಜಾಡಿನಲ್ಲಿ ‘ಬಿಚ್ಚುಕಟ್ಟು’ ಎಂದರೆ ಒಪ್ಪಿತವೇ, ಅಥವಾ ಅದು ‘ಅಚ್ಚುಕಟ್ಟು’ ಎಂಬುದರ ಅಣಕದಂತೆ ಕೇಳುತ್ತದೆಯೇ? ತಮಿಳುನಾಡಿನ ತಾಳವಾಡಿ, ಹೊಸೂರು ಕಡೆಯ ಕನ್ನಡಿಗರೂ, ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ ಭಾಗದವರೂ, ಆಂಧ್ರದ ಆದವಾನಿ, ಮಡಕಶಿರಾಗಳವರೂ ಹಳೆಯ ಟ್ರ್ಯಾಕ್ಟರನ್ನೋ ಎತ್ತಿನ ಗಾಡಿಯನ್ನೋ ಪೂರ್ತಿ ಬಿಚ್ಚಿ ಹೊಸತಾಗಿ ನಿಲ್ಲಿಸುವುದಕ್ಕೆ ಏನನ್ನುತ್ತಾರೆ? ಮುಖ್ಯವಾಗಿ ಎತ್ತಿನ ಗಾಡಿಯ ಬಡಗಿಗಳ ಮಾತು ನನಗೆ ಬೇಕು. ಗಾಲಿಯ ಅಚ್ಚು, ಗುಂಬ, ಅರೆಕಾಲುಗಳನ್ನು ತಲೆಮಾರುಗಳಿಂದ ಬಿಚ್ಚಿ ಕಟ್ಟಿದವರ ಬಳಿ ಈ ಕೆಲಸಕ್ಕೆ ಹೆಸರಿಲ್ಲದೆ ಇರಲಾರದು. ಕೇಳಿದ ಮಾತನ್ನು ಕೇಳಿದ ಹಾಗೆಯೇ, ಯಾವ ಊರಿನದೆಂದು ಸೂಚಿಸಿ ಬರೆಯಬೇಕಾಗಿ ಕೋರುತ್ತೇನೆ.