ಹಳೇ ಫೋಟೊದಾಗಿನ ಪ್ಯಾಟಿ ಹುಬ್ಬಳ್ಳಿದೋ ಧಾರವಾಡದ್ದೋ? ಅದ ಜಾಗಾದಾಗ ನಿಂತು ಮತ್ತ ತೆಗೆಯೂದು ಹ್ಯಾಂಗ?

ಬೈಲ್‌ಬಜಾರ

ಎಲ್ಲಾರಿಗೂ ನಮಸ್ಕಾರ್ರಿ. ಒಂದು ಕಪ್ಪು-ಬಿಳುಪು ಫೋಟೊ ಐತಿ. ಚೌಕ, ಬದಿಗೆ ಎರಡೂಕಾಲು ಇಂಚು, ಸುತ್ತ ಬಿಳಿ ಅಂಚು. ಹಿಂದ ಏನೂ ಬರದಿಲ್ಲ, ಸ್ಟುಡಿಯೋದ ಶಿಕ್ಕಾನೂ ಇಲ್ಲ. ಆಲ್ಬಮ್ಮಿನ ಹಾಳಿಗೆ ಗಟ್ಟಿ ಅಂಟಿಕೊಂಡೈತಿ.

ಚಿತ್ರದಾಗ ಇರೂದು ಇಷ್ಟು: ಬಲಕ್ಕ ಹೊಳ್ಳೂ ಒಂದು ರಸ್ತೆ. ಎಡಕ್ಕ ಮೂಲಿಮ್ಯಾಲೆ ಎರಡಂತಸ್ತಿನ ಕಟ್ಟಡ, ಮ್ಯಾಲ ಕಟ್ಟಿಗಿ ಕಟಾಂಜನ (ಕಟಕಟಿ), ಕೆಳಗ ಅಂಗಡಿ, ಅಂಗಡಿಗೆ ಐದು ಕಲ್ಲಿನ ಮೆಟ್ಟಲ. ರಸ್ತೆಯ ಎಡಬದಿಗೆ ನಮ್ಮ ಕಡೆ ಬರಾಕತ್ತ ಒಂದು ಟಾಂಗಾ. ನಾಕೈದು ಮಂದಿ, ಮುಂದ ಒಬ್ಬಾಂವ ಸೈಕಲ್ ಹಿಡಕೊಂಡು ನಿಂತಾನ. ಬೋರ್ಡು ಅದಾವು, ಅಕ್ಷರ ಮಸುಕ. ನೆರಳು ಬಲಕ್ಕ ಬಿದ್ದಾವು.

ಹುಬ್ಬಳ್ಳಿಯ ದುರ್ಗದ ಬೈಲ ಅಂತ ಒಬ್ರು ಹಿರ್ಯಾರು ಹೇಳ್ತಾರ, ಕ್ಯಾಮೆರಾ ಉತ್ತರಕ್ಕ ಮುಖ ಮಾಡಿತ್ತಂತ. ಹಂಗಾದ್ರ ಸಂಜಿ ಫೋಟೊ ಆಗಬೇಕು. ಇನ್ನೊಬ್ರು ಧಾರವಾಡದ ಸುಭಾಸ ರಸ್ತೆ ಅಂತಾರ, ಮೂರನೇದವರು ಗದಗ ಅಂತಾರ. ದುರ್ಗದ ಬೈಲಿನ್ಯಾಗ ನಾಕೂ ಕಡೆ ತಿರುಗಿ ನೋಡಿದ್ರೂ ಹಿಂತಾ ತಿರುವು ಕಾಣೂದಿಲ್ಲ. ಎಲ್ಲಿದು, ಯಾವಾಗಿಂದು ಅಂತ ಗುರುತು ಹಿಡಿಯೂದು ಹ್ಯಾಂಗ? ಸಿಕ್ಕಿದ ಮ್ಯಾಲೆ ಅದ ಜಾಗಾದಿಂದ ಈಗಿನ ಫೋಟೊ ತೆಗೆದು ಎರಡನ್ನೂ ಕೂಡಿಸಿ ಕಟ್ಟು ಹಾಕಸಬೇಕು.

ಡಾರ್ಕ್‌ರೂಮ್

ಮೊದಲು ಅದನ್ನು ಕೀಳಲು ಹೋಗಬೇಡಿ. ಮೂಲೆ ಹಿಡಿದು ಎಳೆದರೆ ಕಾಗದ ಬಾಗುತ್ತದೆ, ಮೇಲಿನ ಜಿಲೆಟಿನ್ ಪದರ ಬಿರಿಯುತ್ತದೆ. ಆ ಬಿರುಕು ಮತ್ತೆ ಕೂಡುವುದಿಲ್ಲ. ಪರಿಮಳ, ಮೇಣ ಇಲ್ಲದ ಹಲ್ಲುದಾರವನ್ನು (ಡೆಂಟಲ್ ಫ್ಲಾಸ್) ಫೋಟೊ ಮತ್ತು ಹಾಳೆಯ ನಡುವೆ ತೂರಿಸಿ ಗರಗಸದಂತೆ ನಿಧಾನಕ್ಕೆ ಆಡಿಸಿ. ದಾರ ತಡೆದರೆ ಅಲ್ಲೇ ನಿಲ್ಲಿಸಿ, ಹಾಳೆಯನ್ನೇ ಸುತ್ತ ಕತ್ತರಿಸಿ ಫೋಟೊ ಸಮೇತ ಸ್ಕ್ಯಾನ್ ಮಾಡಿ. ನೀರು, ಸ್ಪಿರಿಟ್ ಹತ್ತಿರ ತರಬೇಡಿ.

ಸ್ಕ್ಯಾನ್ 1200 ಡಿಪಿಐ (ಇಂಚಿಗೆ ಅಷ್ಟು ಚುಕ್ಕೆ) ಇರಲಿ. ಎರಡೂಕಾಲು ಇಂಚಿಗೆ ಬದಿಗೆ 2700 ಪಿಕ್ಸೆಲ್ ಸಿಗುತ್ತದೆ, ಮುನ್ನೂರರ ಲೆಕ್ಕದಲ್ಲಿ 9 ಇಂಚು ಮುದ್ರಿಸಬಹುದು. 600ಕ್ಕೆ ಮಾಡಿದರೆ ನಾಲ್ಕೂವರೆ ಇಂಚಿಗೇ ಮುಗಿಯಿತು. 2400ಕ್ಕೆ ಏರಿಸಿದರೆ ಕಾಗದದ ತರಿಯೇ ದೊಡ್ಡದಾಗಿ ಕಾಣುತ್ತದೆ, ಬೋರ್ಡಿನ ಅಕ್ಷರವಲ್ಲ. ಕಪ್ಪು-ಬಿಳುಪು ಆದರೂ ಬಣ್ಣದ ಸೆಟ್ಟಿಂಗಿನಲ್ಲೇ ಟಿಫ್ ಫೈಲಾಗಿ ಉಳಿಸಿ. ಹಳದಿ ಕಲೆಯನ್ನು ಆಮೇಲೆ ಬಣ್ಣದ ಚಾನೆಲ್ ಬೇರ್ಪಡಿಸಿ ತೆಗೆಯಲು ಬರುತ್ತದೆ.

ಆ ಅಳತೆ ನೋಡಿದರೆ 120 ಅಳತೆಯ ಫಿಲ್ಮ್ ರೋಲಿನ ನೆಗೆಟಿವನ್ನು ಕಾಗದದ ಮೇಲೆ ನೇರ ಇಟ್ಟು ಮಾಡಿದ ಕಾಂಟ್ಯಾಕ್ಟ್ ಪ್ರಿಂಟು. ಆಗ್ಫಾ ಕ್ಲಿಕ್ 3ರಂಥ ಅಗ್ಗದ ಕ್ಯಾಮೆರಾದಲ್ಲೂ ಒಂದು ರೋಲಿಗೆ ಇಂಥ 12 ಬರುತ್ತಿದ್ದವು.

ಕಟಾಂಜನ

ಜಾಗ ಹುಡುಕಾಕ ಅಂಗಡಿ ನೋಡಬ್ಯಾಡ್ರಿ, ತಲಿ ಎತ್ರಿ. ಪ್ಯಾಟ್ಯಾಗ ಕೆಳಗಿನ ಅಂತಸ್ತು ಹತ್ತು ವರ್ಷಕ್ಕೊಮ್ಮೆ ಬದಲಾಗತೈತಿ: ಹಲಗಿ ಬಾಗಲಾ ಹೋಗಿ ಶಟರ್ ಬಂತು, ಶಟರ್ ಹೋಗಿ ಗಾಜು ಬಂತು. ಮ್ಯಾಲಿನ ಅಂತಸ್ತಿಗೆ ಯಾರೂ ರೊಕ್ಕಾ ಹಾಕೂದಿಲ್ಲ. ದುರ್ಗದ ಬೈಲ, ಜವಳಿ ಸಾಲ, ಕಂಚಗಾರ ಗಲ್ಲಿ, ದಾಜಿಬಾನ ಪೇಟ ಎಲ್ಲಾ ಕಡೆ ಇದ ಕಥಿ. ಫ್ಲೆಕ್ಸಿನ ಮ್ಯಾಲಿನ ಅಂಚಿನಿಂದ ಮಾಳಗಿ ತನಕ ಏನೈತಿ ಅಷ್ಟ ಹಳೇ ಪ್ಯಾಟಿ. ಕಟ್ಟಿಗಿ ಕಟಾಂಜನ ಉಳದಿರಲಿಕ್ಕಿಲ್ಲ, ಆದ್ರ ಅದನ್ನ ಹೊತ್ತಿದ್ದ ತೊಲಿ ತುದಿ ಗ್ವಾಡ್ಯಾಗ ಉಳದಿರತಾವು, ಗರಗಸದಿಂದ ಕೊಯ್ದ ಹಂಗ ಸಾಲಾಗಿ. ಅವನ್ನ ಎಣಸ್ರಿ. ಎರಡು ತೊಲಿ ನಡುವಿನ ಅಂತರ, ಕಿಡಕಿ ಎಷ್ಟು, ಕಿಡಕಿ ಮ್ಯಾಲೆ ಕಮಾನೋ ನೆಟ್ಟಗಿನ ಪಟ್ಟಿಯೋ, ಇವು ಬೆರಳಗುರುತು ಇದ್ದಂಗ.

ಗಿಲಾವಿನ್ಯಾಗ ಕಟ್ಟಿಸಿದ ವರ್ಷ ಕೆತ್ತಿದ್ರ ಗಡಬಡ ಮಾಡಬ್ಯಾಡ್ರಿ. ಕೆಲವು ಕಡೆ ಅದು ಶಾಲಿವಾಹನ ಶಕೆ ಇರತೈತಿ, 78 ಕೂಡಸಬೇಕು. ಶಕೆ 1852 ಅಂದ್ರ 1930.

ರಸ್ತೆ ಅಗಲ ಮಾಡುವಾಗ ಮುಂದಿನ ಭಾಗಾನ ಕಡದಿದ್ರ ಮುಖ ನೋಡಿ ಗುರುತು ಸಿಗೂದಿಲ್ಲ. ಆವಾಗ ಪಕ್ಕದ ಗ್ವಾಡಿ ನೋಡ್ರಿ. ಮುಂದ ಹೊಸಾ ಸಿಮೆಂಟು, ಹತ್ತು ಅಡಿ ಒಳಗ ಹೋದ್ರ ಮಣ್ಣು-ಇಟ್ಟಂಗಿ, ಜಂತಿ ಹೊಕ್ಕಿದ್ದ ತೂತು, ಹಳೇ ಮಾಳಗಿಯ ಗೆರಿ. ಕಡದದ್ದು ಎಷ್ಟು ಅಂತ ಕಾಗದದಾಗೂ ಸಿಗತೈತಿ. ನಮ್ಮ ಕಡೆ ಊರೊಳಗಿನ ಆಸ್ತಿಗೆ ಸಿ.ಟಿ.ಎಸ್. (ಸಿಟಿ ಸರ್ವೆ) ನಂಬರ್ ಇರತೈತಿ. ಸಿಟಿ ಸರ್ವೆ ಕಚೇರ್ಯಾಗ ಆ ನಂಬರ್ ಕೊಟ್ಟು ಉತಾರ (ಆಸ್ತಿಯ ದಾಖಲೆ) ಮತ್ತ ನಕಾಶಿ ಪ್ರತಿಗೆ ಅರ್ಜಿ ಹಾಕ್ರಿ. ಹಳೇ ಉತಾರದಾಗಿನ ಕ್ಷೇತ್ರ ಚದರ ಗಜದಾಗ ಇದ್ರ 0.836ರಿಂದ ಗುಣಿಸಿ ಚದರ ಮೀಟರ್ ಮಾಡಿಕೊಂಡು ಹೊಸಾದಕ್ಕ ತಾಳೆ ನೋಡ್ರಿ. (ಹುಬ್ಬಳ್ಳಿ-ಧಾರವಾಡದ ಎಸ್‌ಟಿಡಿ ಕೋಡೂ 0836 ಅಲ್ಲೇನ್ರಿ, ಮರಿಯೂದಿಲ್ಲ.) ಹಳೇ ಖರೀದಿ ಪತ್ರ ಸಿಕ್ರ ಇನ್ನೂ ಚಲೋ, ಚಕ್ಕುಬಂದಿಯೊಳಗ ಮೂಡಣಕ್ಕ ಯಾರ ಅಂಗಡಿ, ಪಡುವಣಕ್ಕ ಯಾವ ಓಣಿ ಅಂತ ಬರದಿರತಾರ.

ಈಗ ನಿಮ್ಮ ಐದು ಮೆಟ್ಟಲಕ್ಕ ಬರ್ತೀನಿ. ನೀವು ಐದು ಮೆಟ್ಟಲ ಹುಡುಕಿದ್ರ ಸಿಗೂದಿಲ್ಲ, ಎರಡೋ ಮೂರೋ ಇರತಾವು. ಹಳೇ ಡಾಂಬರು ಕೆರೀದ ಅದರ ಮ್ಯಾಲ ಒಂದು-ಎರಡು ಇಂಚು ಹೊಸಾದು ಹಾಕ್ಕೋತ ಬಂದ್ರು, ಮ್ಯಾಲ ಕಾಂಕ್ರೀಟು ಬಂತು. ಕಲ್ಲಿನ ಮೆಟ್ಟಲ ಒಂದೊಂದು ಆರೇಳು ಇಂಚು. ಐದರಾಗ ಮೂರು ಉಳದಿದ್ರ ರಸ್ತೆ ಒಂದಡಿ ಮ್ಯಾಲಕ್ಕೆದ್ದೈತಿ ಅಂತ ಅರ್ಥ. ಮಳಿಗಾಲದಾಗ ಹಳೇ ಅಂಗಡ್ಯಾಗ ನೀರು ನುಗ್ಗೂದು ಇದಕ್ಕ. ಗಟಾರದ ಮಟ್ಟ ಇದ್ದಲ್ಲೇ ಐತಿ, ರಸ್ತೆ ಎದ್ದೈತಿ, ಹೊಸ್ತಲಾ ತೆಗ್ಗಿಗೆ ಬಿತ್ತು. ಬಾಗಲಕ್ಕ ಅಡ್ಡ ಅರ್ಧ ಅಡಿ ಸಿಮೆಂಟ್ ಕಟ್ಟೆ ಕಟ್ಟಿದ ಅಂಗಡಿ ಕಂಡ್ರ, ಅದರ ಒಳಗ ಮೆಟ್ಟಲ ಹುಗದಾವು ಅಂತ ತಿಳೀರಿ.

ಧಾರವಾಡೋ ಹುಬ್ಬಳ್ಳಿಯೋ ಅನ್ನೂದಕ್ಕ ಮಾಳಗಿ ನೋಡ್ರಿ. ಧಾರವಾಡ ಮಲೆನಾಡಿನ ಸೆರಗು, ಇಳಿಜಾರಿನ ಹಂಚಿನ ಮನಿ ಜಾಸ್ತಿ, ರಸ್ತೆಗೂ ಏರು-ಇಳಿವು. ಪೂರ್ವಕ್ಕ ಗದಗಿನ ಕಡೆ ಹೋದಂಗ ಮಳಿ ಕಡಿಮಿ, ಸಪಾಟ ಮಣ್ಣಿನ ಮೇಲ್ಮುದ್ದಿ ಜಾಸ್ತಿ. ಹುಬ್ಬಳ್ಳ್ಯಾಗ ಎರಡೂ ಇದ್ವು, ಹಿಂಗಾಗಿ ಇದೊಂದ ಹಿಡಕೊಂಡು ತೀರ್ಮಾನ ಮಾಡಾಕ ಬರೂದಿಲ್ಲ.

ಕೆಎ25

ಕಾಲ ಹೇಳಲು ಒಂದು ಶಿಸ್ತು ಬೇಕು. ಚಿತ್ರದಲ್ಲಿ ಇರುವ ವಸ್ತು “ಇದಕ್ಕಿಂತ ಹಿಂದಿನದಲ್ಲ” ಎಂದಷ್ಟೇ ಹೇಳುತ್ತದೆ. ಇಲ್ಲದ ವಸ್ತು ಏನನ್ನೂ ಸಾಬೀತು ಮಾಡುವುದಿಲ್ಲ. ಟಾಂಗಾ ಇದೆ ಎಂದು 1940 ಅನ್ನುವವರು ಬಹಳ. ಟಾಂಗಾ ಅದಾದ ಮೇಲೂ ಎಷ್ಟೋ ವರ್ಷ ಓಡಿತು.

ಸ್ಕ್ಯಾನ್ ಆದ ಮೇಲೆ ಬೋರ್ಡುಗಳನ್ನು ನೋಡಿ. ಬೆಲೆ ಆಣೆಯಲ್ಲಿದ್ದರೆ ಹೆಚ್ಚು ಕಡಿಮೆ 1957ರ ಏಪ್ರಿಲ್‌ಗಿಂತ ಮೊದಲು, “ನಯೇ ಪೈಸೆ” ಅಂದರೆ 1957ರಿಂದ 1964ರ ನಡುವೆ. ಸರಕಾರಿ ಫಲಕದಲ್ಲಿ ಮುಂಬಯಿ (ಆಗ ನಾವು ಆ ರಾಜ್ಯದಲ್ಲಿದ್ದೆವು) ಎಂದಿದ್ದರೆ 1956ರ ನವೆಂಬರ್ 1ಕ್ಕಿಂತ ಹಿಂದೆ ಬರೆದದ್ದು. ಮೈಸೂರು ರಾಜ್ಯ ಎಂದಿದ್ದರೆ 1973ರ ನವೆಂಬರ್‌ವರೆಗೆ. ಹುಬ್ಬಳ್ಳಿ-ಧಾರವಾಡಕ್ಕೆ ಒಂದೇ ಮಹಾನಗರಪಾಲಿಕೆ ಆದದ್ದು 1962. ಆರಂಕಿಯ ಪಿನ್‌ಕೋಡ್ ಕಂಡರೆ 1972ರ ಆಗಸ್ಟ್ 15ರ ನಂತರ. ವಾಹನದ ಸಂಖ್ಯೆ “ಎಂವೈ”ಯಿಂದ ಶುರುವಾದರೆ ಮೈಸೂರು ರಾಜ್ಯದ ನೋಂದಣಿ, ಧಾರವಾಡದ ಕೆಎ-25 ಬಂದದ್ದು 1989ರ ಹೊಸ ಪದ್ಧತಿಯ ನಂತರ. ಆದರೆ ಬೋರ್ಡು, ಗಾಡಿ ಎರಡೂ ಇಪ್ಪತ್ತು ವರ್ಷ ಬಾಳುವಂಥವು ಅನ್ನುವುದು ನೆನಪಿರಲಿ.

ಹುಬ್ಬಳ್ಳಿ ಎಂಬ ಕನ್ನಡ ಬರಹದಿಂದ ಪ್ರಯೋಜನವಿಲ್ಲ, ಕನ್ನಡದಲ್ಲಿ ಯಾವತ್ತೂ ಹಾಗೇ ಬರೆದದ್ದು. 2014ರ ನವೆಂಬರ್ 1ಕ್ಕೆ ಬದಲಾದದ್ದು ಇಂಗ್ಲಿಷಿನ ಹೆಸರು ಮಾತ್ರ.

ಮೂರುಕಾಲು

ಮತ್ತೆ ತೆಗೆಯುವುದರಲ್ಲಿ ಎಲ್ಲರೂ ಎಡವುವುದು ಝೂಮಿನಲ್ಲಿ. ನಿಂತ ಜಾಗ ತಪ್ಪಿದರೆ ಝೂಮ್ ಅದನ್ನು ಸರಿ ಮಾಡುವುದಿಲ್ಲ. ಮೊಬೈಲಿನ 1x ಕ್ಯಾಮೆರಾದಲ್ಲೇ ತೆಗೆದು ಆಮೇಲೆ ಚೌಕವಾಗಿ ಕತ್ತರಿಸಿ. ಅಲ್ಟ್ರಾವೈಡ್ ಬೇಡ, ಅಂಚಿನ ಕಟ್ಟಡ ಎಳೆದಂತಾಗುತ್ತದೆ.

ಹಳೆ ಚಿತ್ರದಲ್ಲಿ ಒಂದು ಹತ್ತಿರದ ಗೆರೆ, ಒಂದು ದೂರದ ಗೆರೆ ಆರಿಸಿ. ಉದಾಹರಣೆಗೆ ಮೂಲೆ ಕಟ್ಟಡದ ಅಂಚು ಹಿಂದಿನ ಕಟ್ಟಡದ ಎಷ್ಟನೇ ಕಿಟಕಿಯನ್ನು ಮುಚ್ಚಿದೆ ಎಂದು ನೋಡಿ. ಸ್ಥಳದಲ್ಲಿ ನೀವು ಬಲಕ್ಕೆ ಸರಿದರೆ ಹತ್ತಿರದ್ದು ಎಡಕ್ಕೆ ಓಡುತ್ತದೆ. ಅದೇ ಕಿಟಕಿಗೆ ಅಂಚು ಬಂದು ಕೂತ ಕಡೆ ನಿಂತು ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಚಿತ್ರದ ಇನ್ನೊಂದು ಬದಿಯಲ್ಲಿ ಇಂಥದೇ ಜೋಡಿ ಹಿಡಿದು ಮತ್ತೊಂದು ಗೆರೆ. ಎರಡೂ ಕೂಡುವ ಬಿಂದುವೇ ಕ್ಯಾಮೆರಾ ನಿಂತ ಜಾಗ. ಅಗಲ ಮಾಡಿದ ರಸ್ತೆಯಲ್ಲಿ ಈ ಬಿಂದು ಒಮ್ಮೊಮ್ಮೆ ಡಿವೈಡರ್ ಮೇಲೆ ಬರುತ್ತದೆ, ಚನ್ನಮ್ಮ ಸರ್ಕಲ್ ಸುತ್ತ ಆದರೆ ಮೇಲ್ಸೇತುವೆಯ ಕಂಬಕ್ಕೇ ಬರಬಹುದು. ಹಾಗಾದಾಗ ಪಕ್ಕಕ್ಕೆ ಸರಿಯಬೇಡಿ, ಅದೇ ನೇರದಲ್ಲಿ ಮುಂದೆ ಹೋಗಿ.

ಎತ್ತರಕ್ಕೆ ಇನ್ನೊಂದು ಉಪಾಯ. ಸಪಾಟು ನೆಲದಲ್ಲಿ ನಿಂತವರ ತಲೆಗಳು ಹತ್ತಿರ-ದೂರ ಎನ್ನದೆ ಒಂದೇ ಮಟ್ಟದಲ್ಲಿ ಕಂಡರೆ ಕ್ಯಾಮೆರಾ ಕಣ್ಣಿನೆತ್ತರಕ್ಕೆ ಇತ್ತು. ಆ ಸಮಮಟ್ಟ ಎಲ್ಲರ ಹೊಟ್ಟೆಯ ಹತ್ತಿರ ಹಾದು ಹೋದರೆ, ಮೇಲಿನಿಂದ ಬಗ್ಗಿ ನೋಡುವ ಪೆಟ್ಟಿಗೆ ಕ್ಯಾಮೆರಾ ಅಥವಾ ಎರಡು ಲೆನ್ಸಿನದು, ಸುಮಾರು ಮೂರೂವರೆ ಅಡಿ. ಕಟಾಂಜನ ಅವರು ಹೇಳಿದಂತೆ ರಸ್ತೆ ಒಂದಡಿ ಎದ್ದಿದ್ದರೆ ಟ್ರೈಪಾಡನ್ನು ಅಷ್ಟೇ ತಗ್ಗಿಸಬೇಕು. ಇದನ್ನು ಮರೆತರೆ ಮೆಟ್ಟಿಲ, ಕಟ್ಟೆ ಯಾವುದೂ ಹೊಂದುವುದಿಲ್ಲ.

ನೆರಳು: ನಮ್ಮ ರೇಖಾಂಶ 75ರ ಆಸುಪಾಸು, ಗಡಿಯಾರ ನಡೆಯುವುದು 82.5ರ ಲೆಕ್ಕಕ್ಕೆ. ಹೀಗಾಗಿ ಹುಬ್ಬಳ್ಳಿಯಲ್ಲಿ ಸೂರ್ಯ ನೆತ್ತಿಗೆ ಬರುವುದು 12ಕ್ಕಲ್ಲ, ಸರಾಸರಿ 12.30ಕ್ಕೆ, ನವೆಂಬರ್ ಆರಂಭದಲ್ಲಿ 12.13, ಫೆಬ್ರುವರಿ ನಡುವೆ 12.44. ಹತ್ತಡಿ ಕಂಬಕ್ಕೆ ಆ ಹೊತ್ತಿನ ನೆರಳು ಡಿಸೆಂಬರ್ ಕೊನೆಗೆ 8 ಅಡಿ, ಮಾರ್ಚ್ 21ಕ್ಕೆ ಎರಡೂಮುಕ್ಕಾಲು ಅಡಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಹಗಲ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಇದರಲ್ಲಿ ದಿಕ್ಕು ತಪ್ಪಿದವರು ಬಹಳ ಜನ. ದುರ್ಗದ ಬೈಲಾದರೆ ಸಂಜೆ ತಿಂಡಿ ಗಾಡಿಗಳ ನಡುವೆ ಟ್ರೈಪಾಡ್ ಊರಲು ಜಾಗ ಸಿಗುವುದಿಲ್ಲ. ಸಂಜೆಯದೇ ಬೇಕಿದ್ದರೆ ಎದುರಿನ ಅಂಗಡಿಯವರನ್ನು ಕೇಳಿ ಕಟ್ಟೆಯ ಮೇಲೆ ಐದು ನಿಮಿಷ ನಿಲ್ಲಿ.

ಡಾರ್ಕ್‌ರೂಮ್

ಪ್ರಶ್ನೆಯನ್ನು ಮತ್ತೆ ಓದಿದೆ. ಎದುರಿಗೆ ಬರುವ ಟಾಂಗಾ ರಸ್ತೆಯ ಎಡಬದಿಗೆ ಇದೆ ಎಂದಿದ್ದೀರಿ. ನಮ್ಮಲ್ಲಿ ಎದುರು ಬರುವ ಗಾಡಿ ನೋಡುವವರ ಬಲಕ್ಕೆ ಇರಬೇಕು. ಸೈಕಲ್ ಹಿಡಿದವನ ಅಂಗಿ ಕಿಸೆ ಯಾವ ಕಡೆ ಇದೆ? ಸೈಕಲ್ಲಿನ ಚೈನು? ಹೆಣ್ಣುಮಕ್ಕಳ ಸೆರಗಿನಿಂದ ಮಾತ್ರ ತೀರ್ಮಾನಿಸಬೇಡಿ, ನಮ್ಮ ಕಡೆ ಹಳೆ ಪದ್ಧತಿಯಲ್ಲಿ ಸೆರಗು ಬಲಹೆಗಲಿಗೇ ಬರುತ್ತದೆ.

ಬೈಲ್‌ಬಜಾರ

ಸ್ಕ್ಯಾನ್ ಆತ್ರಿ. ಕಿಸೆ ಅವನ ಬಲ ಎದಿಮ್ಯಾಲ ಐತಿ. ಚೈನ್ ಎಡಕ್ಕ.

ಡಾರ್ಕ್‌ರೂಮ್

ಹಾಗಾದರೆ ಪ್ರಿಂಟು ತಿರುವುಮುರುವು. ನೆಗೆಟಿವಿನ ಮಬ್ಬು ಬದಿ ಕಾಗದಕ್ಕೆ ತಾಗಬೇಕಿತ್ತು, ಹೊಳೆಯುವ ಬದಿ ಇಟ್ಟಿದ್ದಾರೆ. ಬೋರ್ಡು ಮಸುಕಾಗಿರಲು ಅದೂ ಕಾರಣ: ಚಿತ್ರಕ್ಕೂ ಕಾಗದಕ್ಕೂ ನಡುವೆ ಫಿಲ್ಮಿನ ದಪ್ಪದಷ್ಟು ಅಂತರ ಬಿದ್ದು ಗೆರೆ ಹರಡುತ್ತದೆ. ಫೈಲನ್ನು ಅಡ್ಡಕ್ಕೆ ಫ್ಲಿಪ್ ಮಾಡಿ, 180 ಡಿಗ್ರಿ ತಿರುಗಿಸುವುದಲ್ಲ. ಆಮೇಲೆ ಬೋರ್ಡಿನ ಅಕ್ಷರ ನೋಡಿ.

ಕಟಾಂಜನ

ಅಂದ್ರ ರಸ್ತೆ ಎಡಕ್ಕ ಹೊಳ್ಳತೈತಿ, ಮೂಲಿ ಕಟ್ಟಡ ಬಲಕ್ಕ. ಹಿಂತಾ ತಿರುವು ಇಲ್ಲ ಅಂತ ಬಿಟ್ಟಿದ್ದ ಮೂಲಿ ಎಲ್ಲಾ ಮತ್ತ ನೋಡಬೇಕ್ರಿ. ಕ್ಯಾಮೆರಾ ಉತ್ತರಕ್ಕ ಇದ್ದದ್ದು ಖರೇ ಇದ್ರ ನೆರಳು ಪಡುವಣಕ್ಕ ಬಿದ್ದಂಗಾತು, ಸಂಜಿ ಅಲ್ಲ, ಮುಂಜಾನಿ. ಗಾಡಿ ಹಚ್ಚೂಕಿಂತ ಮೊದಲ ಹೋಗ್ರಿ, ಟೇಪು ಒಯ್ಯೂದು ಮರೀಬ್ಯಾಡ್ರಿ.