ಬಟರ್‌ಕಪ್‌ಗೆ ಐವತ್ತೆಂಟು

(ನಮ್ಮನೆ ಗುಂಪು, ಭಾನುವಾರ ರಾತ್ರಿ. 'ಎಚ್‌ಎಂಎಸ್ ಪಿನಾಫೋರ್' ಸಂಗೀತ ನಾಟಕದ ಕೊನೆಯ ದೃಶ್ಯದ ವಿಡಿಯೋ ಹಾಕಿದ್ದೇ ನನ್ನ ತಪ್ಪು.)

ದೊಡ್ಡಪ್ಪ: ನೋಡಿದೆ. ಹಾಡು ಚೆನ್ನಾಗಿದೆ. ಕೊನೆ ಮಾತ್ರ ಲೆಕ್ಕ ಕೂಡಲ್ಲ.

ಅತ್ತೆ: ಅಣ್ಣಾ, ನಾಟಕಕ್ಕೂ ಲೆಕ್ಕಾನಾ?

ದೊಡ್ಡಪ್ಪ: ಇರು. ಹಡಗಿನವರಿಗೆ ತಂಬಾಕು, ಪೆಪ್ಪರ್‌ಮಿಂಟ್ ಮಾರೋ ಬಟರ್‌ಕಪ್ ಕೊನೆಗೆ ಏನಂತಾಳೆ? ಹಿಂದೆ ಕೂಲಿಗೆ ಕೂಸು ಸಾಕ್ತಿದ್ದೆ, ದೊಡ್ಡ ಮನೆದೊಂದು, ಬಡವರದೊಂದು, ಎರಡು ಅದಲುಬದಲಾದ್ವು ಅಂತ. ಒಂದು ನಾವಿಕ ರಾಲ್ಫ್, ಇನ್ನೊಂದು ಕ್ಯಾಪ್ಟನ್. ಅಂದ್ರೆ ಇಬ್ರೂ ಓರಗೆ! ಕ್ಯಾಪ್ಟನ್ ಮಗಳಿಗೆ 20 ಅಂದ್ರೂ ಅವನಿಗೆ 40 ಆದ್ರೂ ಬೇಡ್ವಾ? ರಾಲ್ಫ್‌ಗೂ ಅಷ್ಟೇ ಆಯ್ತು. ಅವನಿಗೇ ಈ ಹುಡುಗಿ ಮಾಲೆ ಹಾಕ್ತಾಳೆ.

ಕಿಟ್ಟಿ: ಹಹ್ಹಹ್ಹಾ

ದೊಡ್ಡಪ್ಪ: ನಗಬೇಡ. ಕ್ಯಾಪ್ಟನ್ ತನ್ನನ್ನ ಸಾಕಿದ ದಾದೀನೇ ಕಟ್ಕೋತಾನೆ.

ನಾನು: ದೊಡ್ಡಪ್ಪ, ಅದೇ ತಮಾಷೆ. ಕೂಸು ಅದಲುಬದಲಾಗೋದು ಆಗಲೇ ಸವೆದ ಸರಕು, ನಾಟಕ ಬರೆದ ಗಿಲ್ಬರ್ಟ್ ಅದನ್ನೇ ಆಡ್ಕೊಂಡಿದಾನೆ. 1878ರಲ್ಲಿ ಲಂಡನ್ನಿನಲ್ಲಿ ಶುರುವಾಗಿ 571 ಪ್ರದರ್ಶನ ಆಯ್ತು. ಅಷ್ಟು ಜನರಲ್ಲಿ ಒಬ್ರಿಗೂ ಕೂಡಿಸೋಕೆ ಬರ್ತಿರಲಿಲ್ವಾ?

ಅತ್ತೆ: ವಯಸ್ಸು ಬಿಡಿ. ನನಗೆ ನಾಟಿದ್ದು ಆ ಸರ್ ಜೋಸೆಫ್. ಮೇಜು ಬಿಟ್ಟು ಕದಲದೆ ನೌಕಾಪಡೆ ಮಂತ್ರಿ ಆದವನು. ಕ್ಯಾಪ್ಟನ್ ಮಗಳನ್ನ ಕಟ್ಕೊಳ್ಳೋಕೆ ಬಂದು, ಪ್ರೀತಿಗೆ ಅಂತಸ್ತಿಲ್ಲ ಅಂತ ಆ ಹುಡುಗಿಗೆ ಉಪದೇಶ ಮಾಡಿರ್ತಾನೆ. ಅವಳಪ್ಪ ಬರೀ ಖಲಾಸಿ ಅಂತ ಗೊತ್ತಾದ ಕೂಡಲೇ ಮದುವೆ ಬೇಡ. ನೀವೇ ಹೇಳಿದ್ರಲ್ಲ ಅಂದ್ರೆ, ಸುಮಾರು ಮಟ್ಟಿಗೆ ಹೌದು, ಆದ್ರೆ ಇಷ್ಟರ ಮಟ್ಟಿಗಲ್ಲ ಅಂತಾನೆ! ಈ ಮಾತು ನಮ್ಮ ನಡುಮನೇಲೇ ಕೇಳಿದೀನಿ.

(ಹತ್ತು ನಿಮಿಷ ಯಾರೂ ಟೈಪ್ ಮಾಡಲಿಲ್ಲ. ಚಿಕ್ಕಮ್ಮ ಒಂದು ಗುಡ್ ನೈಟ್ ಗುಲಾಬಿ ಕಳಿಸಿದರು.)

ಕಿಟ್ಟಿ: ಆಗಿನ ನಿಜವಾದ ನೌಕಾಪಡೆ ಮಂತ್ರಿ ಡಬ್ಲ್ಯು. ಎಚ್. ಸ್ಮಿತ್. ರೈಲ್ವೆ ಸ್ಟೇಷನ್‌ಗಳಲ್ಲಿ ಪೇಪರ್, ಪುಸ್ತಕದ ಅಂಗಡಿ ಇಟ್ಟಿದ್ದವರು. ಜನ ನಕ್ಕಿದ್ದು ಅವರನ್ನ ನೆನೆಸ್ಕೊಂಡೇ.

ದೊಡ್ಡಪ್ಪ: ಒಂದು ಒಪ್ಕೋತೀನಿ. ಗುಟ್ಟು ಹೊರಬಿದ್ದದ್ದೇ ತಡ, ರಾಲ್ಫ್ ಕ್ಯಾಪ್ಟನ್ ಬಟ್ಟೇಲಿ ಬರ್ತಾನೆ, ಕ್ಯಾಪ್ಟನ್ ನಾವಿಕನ ಬಟ್ಟೇಲಿ. ಪರೀಕ್ಷೆ ಇಲ್ಲ, ಸರ್ವಿಸ್ ಇಲ್ಲ, ಹುಟ್ಟೊಂದೇ ಸಾಕು. ಅದು ಸರಿಯಾದ ಏಟು.

ನಾನು: ಬಂದ್ರಾ ದಾರಿಗೆ!

ದೊಡ್ಡಪ್ಪ: ಎಲ್ಲಿ ಬಂದೆ? ಕೂಸು ಸಾಕುವಾಗ ಬಟರ್‌ಕಪ್‌ಗೆ 18 ಅಂತಿಟ್ಕೋ. ಈಗ 58. ಕಿಟ್ಟಿ, ಕೂಡಿಸಿ ನೋಡು.