ಆರ್‌ಟಿಇ ಸೀಟೂ ಸ್ಕೂಲ್ ವೋಚರ್ರೂ ಒಂದೇನಾ?

ಬಳಪ:
ವೋಚರ್ ಪದ್ಧತಿ (ಶಾಲೆ ಶುಲ್ಕಕ್ಕೆ ಅಂತ ಮಗುವಿನ ಹೆಸರಲ್ಲಿ ಕೊಡೋ ದುಡ್ಡಿನ ಚೀಟಿ) ತಂದರೆ ಬಡವರ ಮಕ್ಕಳೂ ಬೇಕಾದ ಶಾಲೆಗೆ ಹೋಗಬಹುದು ಅಂತ ಕೆಲವರು, ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಹೆಸರಲ್ಲಿ ಅದು ಆಗಲೇ ಇದೆಯಲ್ಲ ಅಂತ ಇನ್ನು ಕೆಲವರು. ಎರಡೂ ಒಂದೇನಾ? ಖಾಸಗಿ ಶಾಲೆಗೆ ಸರ್ಕಾರ ಕೊಡೋ ದುಡ್ಡಿನ ಲೆಕ್ಕ ಹೇಗೆ? ಮಧ್ಯದಲ್ಲಿ ಶಾಲೆ ಬದಲಿಸಿದರೆ ಸೀಟು ಜೊತೆಗೆ ಬರುತ್ತಾ?

ಅಂಕಗಣಿತ:
ಒಂದೇ ಅಲ್ಲ. ವೋಚರ್ ದುಡ್ಡು ಮಗು ಹೋದ ಕಡೆ ಹೋಗುತ್ತೆ. ಆರ್‌ಟಿಇ ಸೀಟು ಶಾಲೆಯ ಗೂಟಕ್ಕೆ ಕಟ್ಟಿದ್ದು.

2009ರ ಕಾಯ್ದೆಯ ಸೆಕ್ಷನ್ 12(1)(ಸಿ) ಪ್ರಕಾರ ಅನುದಾನರಹಿತ ಶಾಲೆ ಒಂದನೇ ತರಗತಿಯಲ್ಲಿ, ಎಲ್‌ಕೆಜಿ ಇದ್ದರೆ ಅಲ್ಲಿಂದಲೇ, ಬಡ, ಹಿಂದುಳಿದ ಕುಟುಂಬದ ಮಕ್ಕಳಿಗೆ ಕನಿಷ್ಠ 25% ಸೀಟು ಬಿಡಬೇಕು. 40 ಮಕ್ಕಳ ತರಗತಿಗೆ 10 ಸೀಟು. ಸರ್ಕಾರ ತಾನು ಒಂದು ಮಗುವಿಗೆ ಮಾಡುವ ಖರ್ಚು, ಆ ಶಾಲೆಯ ನಿಜವಾದ ಶುಲ್ಕ, ಇವೆರಡರಲ್ಲಿ ಕಡಿಮೆ ಇರೋದನ್ನ ಶಾಲೆಗೆ ತುಂಬಿಕೊಡುತ್ತೆ. ಕರ್ನಾಟಕ ಇಟ್ಟ ಮಿತಿ ಒಂದನೇ ತರಗತಿಗೆ ₹16,000, ಎಲ್‌ಕೆಜಿಗೆ ₹8,000. ಶಾಲೆಯ ಶುಲ್ಕ 14,000 ಆದರೆ 14,000ವೇ ಸಿಗೋದು. ಶುಲ್ಕ 45,000 ಆದರೆ ಸಿಗೋದು 16,000, ಉಳಿದ 29,000 ಶಾಲೆಯ ತಲೆ ಮೇಲೆ. ಅದನ್ನ ಪೋಷಕರಿಂದ ಕೇಳೋ ಹಾಗಿಲ್ಲ. ಜಗಳ ಹುಟ್ಟೋದೇ ಇಲ್ಲಿ: ‘ಕಿಟ್’, ‘ಚಟುವಟಿಕೆ’ ಅಂತ ಬೇರೆ ರಸೀದಿ ಹರೀತಾರೆ.

ಬದಲಾವಣೆ ಬಗ್ಗೆ ಸೆಕ್ಷನ್ 5 ಓದಿ. ವರ್ಗಾವಣೆಯ ಹಕ್ಕು ಸರ್ಕಾರಿ, ಅನುದಾನಿತ ಶಾಲೆಗಳಿಗೆ ಮಾತ್ರ. ಇನ್ನೊಂದು ಖಾಸಗಿ ಶಾಲೆಗೆ ಹೋದರೆ ಪೂರ್ತಿ ಶುಲ್ಕ ನಿಮ್ಮದೇ.

ತುಂಗಾತೀರ:
ಕರ್ನಾಟಕದ ಮಟ್ಟಿಗೆ ‘ಆಯ್ಕೆ’ ಅನ್ನೋ ಮಾತೇ ಈಗ ದುಬಾರಿ. 2019-20ರಿಂದ, ರಾಜ್ಯದ ಆರ್‌ಟಿಇ ನಿಯಮಗಳಲ್ಲಿ ತಿದ್ದಿದ 4ನೇ ನಿಯಮದ ಪ್ರಕಾರ, ನೆರೆಹೊರೆಯಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಯನ್ನ ಆರ್‌ಟಿಇ ಪಟ್ಟಿಗೆ ಸೇರಿಸಲ್ಲ. ಹಾಗಾಗಿ ಲಕ್ಷ ದಾಟಿದ್ದ ಸೀಟು ಒಂದೇ ವರ್ಷದಲ್ಲಿ ಸಾವಿರಗಳಿಗೆ ಇಳಿದವು. ಮೇ 2019ರಲ್ಲಿ ಕರ್ನಾಟಕ ಹೈಕೋರ್ಟ್ ಈ ತಿದ್ದುಪಡಿಯನ್ನ ಎತ್ತಿಹಿಡಿಯಿತು. ತಮಾಷೆ ನೋಡಿ, ಹೆಚ್ಚುಕಡಿಮೆ ಇದೇ ಬಗೆಯ ಮಹಾರಾಷ್ಟ್ರದ ತಿದ್ದುಪಡಿಯನ್ನ ಬಾಂಬೆ ಹೈಕೋರ್ಟ್ ಜುಲೈ 2024ರಲ್ಲಿ ರದ್ದು ಮಾಡಿತು. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ 25% ಮೊದಲೇ ಅನ್ವಯಿಸಲ್ಲ.

ಹಾಜರಿ ಪುಸ್ತಕ:
ಅರ್ಜಿ ಹಾಕೋರಿಗೆ: ಮೊದಲು ನಿಮ್ಮ ವಾರ್ಡ್ ಅಥವಾ ಗ್ರಾಮದ ಹೆಸರಲ್ಲಿ ಶಾಲಾ ಪಟ್ಟಿ ನೋಡಿ. ಪಟ್ಟಿಯಲ್ಲಿ ಇಲ್ಲದ ಶಾಲೆಗೆ ಅಲೆದು ಪ್ರಯೋಜನ ಇಲ್ಲ. ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಮುಂಚೆಯೇ ಕೈಲಿರಲಿ. ಅರ್ಜಿ ಕೆಡೋದು ಹೆಚ್ಚಾಗಿ ಎರಡು ಕಡೆ. ಮಗುವಿನ ಹೆಸರು ಜನನ ಪತ್ರದಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಬಾಡಿಗೆ ಮನೆ ಬದಲಾಗಿದೆ, ಆಧಾರ್ ವಿಳಾಸ ಹಳೇ ಏರಿಯಾದ್ದೇ. ಎರಡನ್ನೂ ಅರ್ಜಿ ತೆರೆಯೋ ಮೊದಲೇ ಸರಿಮಾಡಿಸಿ. ಲಾಟರಿಯಲ್ಲಿ ಹೆಸರು ಬಂದ ಮೇಲೆ ತಿದ್ದೋಕೆ ಹೋದರೆ ದಾಖಲಾತಿಯ ಗಡುವು ದಾಟಿರುತ್ತೆ.

ಬಳಪ:
ಧನ್ಯವಾದ. ಹಾಗಾದರೆ ನಿಜವಾದ ವೋಚರ್ ನಮ್ಮ ಕಡೆ ಎಲ್ಲೂ ಪ್ರಯೋಗ ಆಗಿಲ್ವಾ?

ಅಂಕಗಣಿತ:
ಪಕ್ಕದ ಆಂಧ್ರದಲ್ಲಿ ಆಗಿದೆ. ಐದು ಜಿಲ್ಲೆ, 180 ಹಳ್ಳಿ, ಲಾಟರಿ ಹಾಕಿ ವೋಚರ್ ಕೊಟ್ಟರು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕು ವರ್ಷದ ನಂತರವೂ ತೆಲುಗು, ಗಣಿತದ ಅಂಕಗಳಲ್ಲಿ ವೋಚರ್ ಮಕ್ಕಳಿಗೂ ಉಳಿದವರಿಗೂ ವ್ಯತ್ಯಾಸ ಕಾಣಲಿಲ್ಲ, ಹಿಂದಿಯಲ್ಲಿ ಮಾತ್ರ ವೋಚರ್ ಮಕ್ಕಳು ಮುಂದಿದ್ದರು. ಆದರೆ ಆ ಖಾಸಗಿ ಶಾಲೆಗಳು ತಲಾ ಮಗುವಿಗೆ ಮಾಡುತ್ತಿದ್ದ ಖರ್ಚು ಸರ್ಕಾರಿ ಶಾಲೆಯದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ವೋಚರ್ ಪರ ಇರೋರು ಈ ಖರ್ಚಿನ ಸಾಲು ಓದ್ತಾರೆ, ವಿರೋಧಿಗಳು ಅಂಕದ ಸಾಲು.

ಹಾಜರಿ ಪುಸ್ತಕ:
ಒಂದು ಬಿಟ್ಟೋಯ್ತು. ಆರ್‌ಟಿಇ ಎಂಟನೇ ತರಗತಿಗೆ ಮುಗಿಯುತ್ತೆ. ಒಂಬತ್ತಕ್ಕೆ ಅದೇ ಶಾಲೆಯಲ್ಲಿ ಕೂರಿಸೋದಾದರೆ ಪೂರ್ತಿ ಶುಲ್ಕ ಕಟ್ಟಬೇಕು. ಏಳನೇ ತರಗತಿಯಲ್ಲಿದ್ದಾಗಲೇ ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮ ಇದೆಯಾ ಅಂತ ವಿಚಾರಿಸಿಟ್ಟುಕೊಳ್ಳಿ.